ಕಂಬದಿಂದ ಒಲೆಗೆ ಎಷ್ಟು ದೂರ

ಕಳೆದ ವಾರ ನನ್ನ ಪಿಎಚ್.ಡಿ. ಮೌಖಿಕ ಪರೀಕ್ಷೆ ಮುಗಿಯಿತು. ಹಿಡಿದದ್ದು ಏಳು ವರ್ಷ. ಪ್ರಬಂಧದ ಮೊದಲಲ್ಲಿ ಎಲ್ಲರಂತೆ ನಾನೂ ಒಂದೂವರೆ ಪುಟ ಕೃತಜ್ಞತೆ ಬರೆದಿದ್ದೇನೆ. ಮಾರ್ಗದರ್ಶಕರು, ವಿಭಾಗದ ಮುಖ್ಯಸ್ಥರು, ಗ್ರಂಥಾಲಯದವರು, ಡಿ.ಟಿ.ಪಿ. ಮಾಡಿಕೊಟ್ಟವರು, ಎಲ್ಲರೂ ಅಲ್ಲಿದ್ದಾರೆ. ಆದರೆ ಅದು ಇರುವುದು ಇಂಗ್ಲಿಷಿನಲ್ಲಿ. ನಾನು ನಿಜವಾಗಿ ಋಣಿಯಾಗಿರುವವರಲ್ಲಿ ಮುಕ್ಕಾಲು ಪಾಲು ಜನ ಅದನ್ನು ಓದಲಾರರು. ಅದಕ್ಕೇ ಕನ್ನಡದಲ್ಲಿ ಈ ಎರಡನೆಯ ಬರಹ. ಓದು ಬಾರದವರಿಗೆ ಅವರ ಮಕ್ಕಳು ಮೊಬೈಲಿನಲ್ಲಿ ಓದಿ ಹೇಳಲಿ.

ನನ್ನ ವಿಷಯ ಇಷ್ಟೇ. ರಾಯಚೂರು ಜಿಲ್ಲೆಯ ಹಳ್ಳಿಗಳಲ್ಲಿ ಹೆಂಗಸರು ಕೂಲಿಗೆ ಹೋದಾಗ ಅವರ ಮೂರು ವರ್ಷದೊಳಗಿನ ಮಕ್ಕಳು ಎಲ್ಲಿರುತ್ತಾರೆ, ಯಾರ ಬಳಿ ಇರುತ್ತಾರೆ? ‘ಇಷ್ಟು ತಿಳಿಯುವುದಕ್ಕೆ ಏಳು ವರ್ಷ ಬೇಕಾಯಿತೇನವ್ವಾ’ ಎಂದು ನಮ್ಮ ಮಾವ ಒಮ್ಮೆ ಕೇಳಿದ್ದರು. ಮೊದಲ ಎರಡು ವರ್ಷ ನಾನು ತಪ್ಪು ಪ್ರಶ್ನೆಗಳನ್ನೇ ಕೇಳುತ್ತಿದ್ದೆ, ಮಾವ. ಆ ಪ್ರಶ್ನೆಗಳನ್ನು ತಿದ್ದಿದವರಿಗೇ ಈಗ ಮೊದಲ ನಮಸ್ಕಾರ.

ಭತ್ತದ ನಾಟಿಯ ಕಾಲದಲ್ಲಿ ಒಂದು ಕ್ಯಾಂಪಿನ, ಅಂದರೆ ನೀರಾವರಿ ಪ್ರದೇಶಕ್ಕೆ ವಲಸೆ ಬಂದ ರೈತರ ಊರಿನ, ಅಂಚಿನ ಕೇರಿಗೆ ಹೋಗಿದ್ದೆ. ಹೆಂಗಸರು ಟಂಟಂ ಆಟೋದಲ್ಲಿ ಬಂದಿಳಿಯುವಾಗ ಕತ್ತಲಾಗಿತ್ತು. ಮೊಣಕಾಲವರೆಗೆ ಕೆಸರು ಒಣಗಿತ್ತು. ಅವರಲ್ಲೊಬ್ಬಾಕೆಯನ್ನು ನನ್ನ ಪ್ರಶ್ನೆಗಳ ನಮೂನೆಯಲ್ಲಿದ್ದಂತೆಯೇ ಕೇಳಿದೆ: ‘ನೀವು ಕೆಲಸಕ್ಕೆ ಹೋದಾಗ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?’ ಉತ್ತರಕ್ಕೆ ಎಂಟು ಸಂಕೇತಗಳಿದ್ದವು. ಅಜ್ಜಿ, ಗಂಡ, ಹಿರಿಯ ಮಗು, ನೆರೆಯವರು, ಅಂಗನವಾಡಿ, ಹೀಗೆ. ಆಕೆ ಏನೂ ಹೇಳದೆ ಒಳಗೆ ಕರೆದುಕೊಂಡು ಹೋದಳು. ನಡುಮನೆಯ ಕಂಬಕ್ಕೆ ಹಳೆಯ ಸೀರೆಯ ಸೆರಗು ಕಟ್ಟಿತ್ತು. ಆ ಗಂಟನ್ನು ಬಿಚ್ಚಿ ಮತ್ತೆ ಕಟ್ಟಿ ತೋರಿಸಿದಳು. ಮಗುವಿನ ಸೊಂಟಕ್ಕೆ ಒಂದು ತುದಿ, ಕಂಬಕ್ಕೆ ಇನ್ನೊಂದು. ಕೈ ನೀರಿನ ಚೆಂಬಿಗೆ ಎಟುಕಬೇಕು, ಒಲೆಗೆ ಎಟುಕಬಾರದು, ಹೊಸ್ತಿಲು ದಾಟಬಾರದು. ಸೀರೆಯ ಉದ್ದವನ್ನು ಆಕೆ ಮೊಳ ಹಾಕಿ ಅಳೆದಿದ್ದಳು. ಮಗು ಬೆಳೆದು ಕೈ ಉದ್ದವಾದಾಗ ಅರ್ಧ ಮೊಳ ಕಡಿಮೆ ಮಾಡಿದ್ದಳಂತೆ. ಪಕ್ಕದ ಮನೆಯ ಮುದುಕಿ ನಡುವೆ ಒಮ್ಮೆ ಬಂದು ಇಣುಕಿ ಹೋಗುತ್ತಿದ್ದಳು. ‘ಇದನ್ನು ಏನಂತ ಬರೆದುಕೊಳ್ಳುತ್ತೀ, ತಂಗಿ?’ ಎಂದು ಆಕೆ ಕೇಳಿದಾಗ ನಾನು ‘ಇತರೆ’ ಎಂದು ಗುರುತು ಹಾಕಿದೆ. ನಾಚಿಕೆಯಾಯಿತು. ಆ ರಾತ್ರಿಯೇ ನಮೂನೆಯನ್ನು ಹರಿದು ಹೊಸದಾಗಿ ಬರೆಯಲು ಕುಳಿತೆ.

ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮಗುವನ್ನು ಕಟ್ಟಿಹಾಕುವ ತಾಯಿ ಎಂದು ಆಡಿಕೊಳ್ಳುವವರಿಗೆ ಬರವಿಲ್ಲ.

ಇನ್ನೊಬ್ಬರು ಆಂಧ್ರದ ಗಡಿಯ ಕಡೆಯ ಹಳ್ಳಿಯವರು. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಏನೇನು ಮಾಡಿದಿರಿ ಎಂದು ಕೇಳುತ್ತಾ ಹೋದೆ. ನೀರು, ಕಸ, ರೊಟ್ಟಿ, ಮೆಣಸಿನಕಾಯಿ ಬಿಡಿಸುವುದು, ಮತ್ತೆ ನೀರು, ಮತ್ತೆ ರೊಟ್ಟಿ. ಮಗುವಿನ ಮಾತೇ ಬರಲಿಲ್ಲ. ‘ಮಗುವನ್ನು ನೋಡಿಕೊಂಡದ್ದು ಯಾವಾಗ?’ ಎಂದೆ. ಅವರು ನಕ್ಕರು. ‘ಅದೊಂದು ಕೆಲಸವೇನವ್ವಾ? ಕಣ್ಣು ಇದೆಯಲ್ಲ, ಅದು ನೋಡುತ್ತಲೇ ಇರುತ್ತದೆ.’ ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯಲ್ಲಿ ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಅದಕ್ಕೆ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ ಕೊಡುತ್ತಾರೆಂದಿದೆ. ಮನೆಯವರ ಆರೈಕೆ ಮಾಡುವವರಲ್ಲಿ ಹೆಂಗಸರದು 134 ನಿಮಿಷ, ಗಂಡಸರದು 76. ದೇಶದಲ್ಲಿ ಇಂಥ ಲೆಕ್ಕ ಸಿಕ್ಕಿದ್ದೇ ದೊಡ್ಡ ಉಪಕಾರ, ಅದನ್ನು ನೂರು ಸಲ ಬಳಸಿಕೊಂಡಿದ್ದೇನೆ. ಆದರೆ ರೊಟ್ಟಿ ಬಡಿಯುತ್ತಲೇ ಮಗುವಿನ ಮೇಲೆ ಇಟ್ಟಿದ್ದ ಆ ಕಣ್ಣಿನ ದುಡಿಮೆಯನ್ನು ಯಾವ ಗಡಿಯಾರದಲ್ಲಿ ಅಳೆಯಬೇಕೆಂದು ನನಗೆ ಇಂದಿಗೂ ಗೊತ್ತಾಗಿಲ್ಲ. ಪ್ರಬಂಧದ ನಾಲ್ಕನೇ ಅಧ್ಯಾಯ ಆ ಒಂದು ನಗೆಯಿಂದ ಹುಟ್ಟಿದ್ದು.

ನನ್ನ ಮಾರ್ಗದರ್ಶಕರಿಗೆ ಇಂಗ್ಲಿಷಿನಲ್ಲಿ ಸಾಕಷ್ಟು ವಂದಿಸಿದ್ದೇನೆ. ಇಲ್ಲಿ ಒಂದೇ ಮಾತು. ಮೊದಲ ಕರಡನ್ನು ನಾನು ಎಲ್ಲರೂ ಶುರುಮಾಡುವ ಕಡೆಯಿಂದಲೇ ಶುರುಮಾಡಿದ್ದೆ. 1962ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದ ಇಪ್ಸಿಲಾಂಟಿಯಲ್ಲಿ ಆರಂಭವಾದ ಪೆರ್ರಿ ಶಾಲಾಪೂರ್ವ ಅಧ್ಯಯನ, ಅದರ 123 ಬಡ ಕಪ್ಪು ಮಕ್ಕಳು, ಅವರು ನಡುವಯಸ್ಸಿಗೆ ಬರುವವರೆಗೂ ಬಿಡದೆ ಹಿಂಬಾಲಿಸಿದ ಸಂಶೋಧಕರು, ಆ ಅಂಕಿಗಳನ್ನು ಮತ್ತೆ ಲೆಕ್ಕ ಹಾಕಿದ ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ಜೇಮ್ಸ್ ಹೆಕ್‌ಮನ್. ಸರ್ ಹನ್ನೊಂದು ಪುಟವನ್ನೂ ಹೊಡೆದುಹಾಕಿ ಅಂಚಿನಲ್ಲಿ ಬರೆದರು: ‘ಮೊದಲು ನಮ್ಮೂರಿನ ಮಗು ಬರಲಿ. ಇವರನ್ನು ಆಮೇಲೆ ಕರೆಯೋಣ.’ ಆಗ ಸಿಟ್ಟು ಬಂದಿತ್ತು. ಆ ಹಾಳೆಯನ್ನು ಈಗ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬೇಕೆಂದಿದ್ದೇನೆ.

ನಮ್ಮ ಕಡೆಯ ಕತೆಯೂ ಸಣ್ಣದಲ್ಲ. 1969ರಲ್ಲಿ ದೆಹಲಿಯ ರಾಜಘಾಟದ ಬಳಿ ಗಾಂಧಿ ಶತಮಾನೋತ್ಸವಕ್ಕಾಗಿ ಕಟ್ಟಡದ ಕೆಲಸ ನಡೆಯುತ್ತಿದ್ದಾಗ, ಕೂಲಿಕಾರರ ಮಕ್ಕಳು ಧೂಳಿನಲ್ಲಿ ಬಿದ್ದಿದ್ದನ್ನು ಕಂಡು ಮೀರಾ ಮಹಾದೇವನ್ ಅಲ್ಲೇ ಡೇರೆ ಹಾಕಿಸಿ ಶಿಶುಪಾಲನೆ ಶುರುಮಾಡಿದರು. ಮೊಬೈಲ್ ಕ್ರೆಶಸ್ ಸಂಸ್ಥೆ ಹುಟ್ಟಿದ್ದು ಹಾಗೆ. ಅಸಂಘಟಿತ ವಲಯದ ದುಡಿಯುವ ಹೆಂಗಸರ ಬಗ್ಗೆ ಇಳಾ ಭಟ್ ಅಧ್ಯಕ್ಷತೆಯ ಆಯೋಗ 1988ರಲ್ಲಿ ಕೊಟ್ಟ ‘ಶ್ರಮಶಕ್ತಿ’ ವರದಿಯನ್ನು ನಾನು ಗ್ರಂಥಾಲಯದ ಕಪಾಟಿನ ಹಿಂದಿನಿಂದ ಹೆಕ್ಕಿ ತೆಗೆದದ್ದು. ಅದರ ಮೇಲಿನ ಧೂಳು ಒರೆಸಿಕೊಟ್ಟ ಗ್ರಂಥಾಲಯ ಸಹಾಯಕರಿಗೆ ವಂದನೆ.

ಅಂಗನವಾಡಿ ಯೋಜನೆ ನಮ್ಮ ರಾಜ್ಯಕ್ಕೆ ಬಂದದ್ದು 1975ರ ಅಕ್ಟೋಬರ್ 2ರಂದು, ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ. ಅಂಗನವಾಡಿ ಇದೆಯಲ್ಲ, ಇನ್ನೇನು ಬೇಕು ಎಂದು ನನ್ನನ್ನು ಕೇಳಿದವರಿಗೆ ಲೆಕ್ಕವಿಲ್ಲ. ಅಲ್ಲಿ ಕುಳಿತು ಕಲಿಯುವ ಮಕ್ಕಳು ಮೂರರಿಂದ ಆರು ವರ್ಷದವರು. ಅದಕ್ಕಿಂತ ಚಿಕ್ಕ ಮಗುವಿಗೆ ಸಿಗುವುದು ತೂಕ, ಚುಚ್ಚುಮದ್ದು, ಮನೆಗೆ ಒಯ್ಯುವ ಆಹಾರದ ಪೊಟ್ಟಣ. ಪೊಟ್ಟಣವನ್ನು ಬೇಯಿಸಿ ಉಣ್ಣಿಸುವವಳು ಹೊಲದಲ್ಲಿರುತ್ತಾಳೆ.

ನನಗೆ ವಾರಗಟ್ಟಲೆ ತಮ್ಮ ಕೇಂದ್ರದ ಮೂಲೆಯಲ್ಲಿ ಕುಳಿತುಕೊಳ್ಳಲು ಬಿಟ್ಟ ಅಂಗನವಾಡಿ ಟೀಚರಮ್ಮನಿಗೆ ಪ್ರತ್ಯೇಕ ನಮಸ್ಕಾರ. ಅವರಿಗೆ ಒಮ್ಮೆ ತಮಿಳುನಾಡಿನ ಅಧ್ಯಯನವೊಂದರ ಬಗ್ಗೆ ಹೇಳಿದೆ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು ಅಲ್ಲಿನ 320 ಅಂಗನವಾಡಿಗಳನ್ನು ಆಯ್ದು, ಅರ್ಧದಷ್ಟಕ್ಕೆ ಮಾತ್ರ ಅರ್ಧ ದಿನ ಕೆಲಸ ಮಾಡುವ ಇನ್ನೊಬ್ಬ ಕಾರ್ಯಕರ್ತೆಯನ್ನು ಕೊಟ್ಟು ನೋಡಿದರು. ಪಾಠದ ಹೊತ್ತು ಇಮ್ಮಡಿಯಾಯಿತು, ಮಕ್ಕಳ ಕಲಿಕೆ ಹೆಚ್ಚಿತು, ಮೊದಲಿದ್ದವರಿಗೆ ಆರೋಗ್ಯ, ಪೋಷಣೆಯ ಕೆಲಸಕ್ಕೆ ಪುರಸೊತ್ತು ಸಿಕ್ಕಿ ತೀವ್ರ ಅಪೌಷ್ಟಿಕತೆಯೂ ಇಳಿಯಿತು. ಟೀಚರಮ್ಮ ರಿಜಿಸ್ಟರಿನಿಂದ ತಲೆ ಎತ್ತದೆ ಹೇಳಿದರು: ‘ಒಬ್ಬಳ ಕೈಯಲ್ಲಿ ಆಗುವುದಿಲ್ಲ ಎಂದು ನಾವು ಇಪ್ಪತ್ತು ವರ್ಷದಿಂದ ಹೇಳುತ್ತಿದ್ದೇವಲ್ಲ. ಅದಕ್ಕೆ ಸಂಶೋಧನೆ ಬೇಕಿತ್ತೇ?’ ಬೇಕಿತ್ತು, ಟೀಚರಮ್ಮ. ನೀವು ಹೇಳಿದರೆ ಅದು ಮನವಿಪತ್ರದ ಕಂತೆಗೆ ಸೇರುತ್ತದೆ. ಅದನ್ನೇ ಅವರು ಅಳೆದು, ಇಷ್ಟು ಖರ್ಚಿಗೆ ಇಷ್ಟು ಫಲ ಎಂದು ಬರೆದರೆ ಹಣಕಾಸು ಇಲಾಖೆಯ ಮೇಜಿಗೆ ಹೋಗುತ್ತದೆ. ಇದು ನ್ಯಾಯವೆಂದು ನಾನು ಹೇಳುತ್ತಿಲ್ಲ.

ಈಗ ನರೇಗಾ, ಅಂದರೆ ಗ್ರಾಮೀಣ ಉದ್ಯೋಗ ಖಾತರಿಯ ಮಾತು. 2005ರ ಕಾಯ್ದೆಯ ಅನುಸೂಚಿಯಲ್ಲಿ ಒಂದು ಒಳ್ಳೆಯ ನಿಯಮವಿತ್ತು. ಕೆಲಸದ ಜಾಗಕ್ಕೆ ತಾಯಂದಿರ ಜೊತೆ ಬಂದ ಆರು ವರ್ಷದೊಳಗಿನ ಮಕ್ಕಳು ಐದು ಅಥವಾ ಹೆಚ್ಚು ಇದ್ದರೆ ಹೆಂಗಸರಲ್ಲೊಬ್ಬರನ್ನು ಮಕ್ಕಳ ಆರೈಕೆಗೆ ಬಿಡಬೇಕು, ಆಕೆಗೂ ಕೂಲಿ ಕೊಡಬೇಕು. ನಾನು ಹೋದ ಕೆರೆ ಹೂಳೆತ್ತುವ ಜಾಗಗಳಲ್ಲಿ ಅಂಥವರು ಯಾರೂ ಕಾಣಲಿಲ್ಲ. ಅಕ್ರಮದ ವಾಸನೆ ಹಿಡಿದವಳಂತೆ, ಕೂಲಿಕಾರರ ಕೆಲಸದ ಉಸ್ತುವಾರಿ ನೋಡುವ ಕಾಯಕ ಬಂಧುವನ್ನು ಅಡ್ಡಗಟ್ಟಿ ಕೇಳಿದೆ. ಆಕೆ ಇಪ್ಪತ್ತಾರು ವರ್ಷದವಳು, ಲೆಕ್ಕದಲ್ಲಿ ಚುರುಕು. ‘ಐದು ಮಕ್ಕಳು ಎಲ್ಲಿದ್ದಾರೆ, ಅಕ್ಕ? ಎಣಿಸಿ ನೋಡಿ.’ ನಿಜ, ಎಣಿಸಿದರೆ ಎರಡೇ ಮಕ್ಕಳು, ಅವೂ ಎದೆಹಾಲಿನವು, ಬೇವಿನ ಮರಕ್ಕೆ ಕಟ್ಟಿದ ಜೋಲಿಯಲ್ಲಿ. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲಿಗೆ ನಡೆಯುವ ಮಗುವನ್ನು ಯಾವ ತಾಯಿ ಕರೆತರುತ್ತಾಳೆ? ನೋಡಿಕೊಳ್ಳುವವರಿಲ್ಲ ಎಂದು ಮಕ್ಕಳು ಬರುವುದಿಲ್ಲ, ಮಕ್ಕಳು ಬಂದಿಲ್ಲ ಎಂದು ನೋಡಿಕೊಳ್ಳುವವರಿಲ್ಲ. ನಿಯಮ ಎಣಿಸುತ್ತಿದ್ದುದು ಜೊತೆಗೆ ಬಂದ ಮಕ್ಕಳನ್ನು. ಕಂಬಕ್ಕೆ ಕಟ್ಟಿದ್ದವರು ಆ ಎಣಿಕೆಗೆ ಸಿಗುವವರಲ್ಲ. ನನ್ನ ಏಳು ವರ್ಷದಲ್ಲಿ ಏನಾದರೂ ಕಂಡುಕೊಂಡಿದ್ದರೆ ಇದೊಂದೇ, ಮತ್ತು ಅದನ್ನು ತೋರಿಸಿಕೊಟ್ಟವಳು ಆ ಹುಡುಗಿ.

2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ ಎಂದಾಗ ನಾನು ಬಸ್ಸಿನಲ್ಲಿದ್ದೆ. ಮೊಬೈಲಿನಲ್ಲಿ ಸುದ್ದಿ ಓದಿ ಪಕ್ಕದ ಸೀಟಿನವರಿಗೆ ಗೊತ್ತಾಗದಂತೆ ಕಣ್ಣೊರೆಸಿಕೊಂಡೆ. ನನ್ನ ಪ್ರಬಂಧಕ್ಕೂ ಆ ತೀರ್ಮಾನಕ್ಕೂ ಯಾವ ಸಂಬಂಧವೂ ಇಲ್ಲ, ಆಗಿನ್ನೂ ನಾನು ಮೂರನೇ ಅಧ್ಯಾಯದಲ್ಲಿ ತಡಕಾಡುತ್ತಿದ್ದೆ. ಮಕ್ಕಳಿಗೆ ಕೆಲಸದ ಜಾಗದ ಮರದ ನೆರಳಲ್ಲದೆ ಊರೊಳಗೇ ಒಂದು ಸೂರು ಎಂಬುದೇ ನನಗೆ ಸಾಕಾಗಿತ್ತು.

ಆದರೆ ಸೂರಿಗೆ ಬಾಗಿಲಿರುತ್ತದೆ, ಬಾಗಿಲಿಗೆ ಬೀಗ. ನಾನು ನೋಡಿದ ಒಂದು ಕೂಸಿನ ಮನೆಯಲ್ಲಿ ಗೋಡೆಗೆ ಗಿಳಿ, ಆನೆ, ಅ ಆ ಇ ಈ, ಎಲ್ಲ ಬರೆದಿದ್ದರು. ತೆರೆಯುತ್ತಿದ್ದುದು ಹತ್ತು ಗಂಟೆಗೆ. ಬೇಸಿಗೆಯಲ್ಲಿ ಹೆಂಗಸರು ಕೆಲಸಕ್ಕೆ ಹೊರಡುತ್ತಿದ್ದುದು ಆರೂವರೆಗೆ. ನಾನು ಮಾಡಿದ್ದು ಒಂದು ಹಾಳೆಯ ಕೋಷ್ಟಕ. ಒಂದು ಕಡೆ ತಾಯಿ ಮನೆ ಬಿಡುವ ಹೊತ್ತು, ಇನ್ನೊಂದು ಕಡೆ ಬಾಗಿಲು ತೆರೆಯುವ ಹೊತ್ತು. ಪಂಚಾಯಿತಿ ಸಭೆಯಲ್ಲಿ ಅದನ್ನು ಇಟ್ಟಾಗ ಪಿಡಿಒ ಅವರು ಸಿಬ್ಬಂದಿ ಕೊರತೆ, ಸುತ್ತೋಲೆ ಎಂದು ವಿವರಿಸಲು ಹೊರಟರು. ಅಧ್ಯಕ್ಷರು, ಅವರೂ ಒಂದು ಕಾಲಕ್ಕೆ ಹತ್ತಿ ಬಿಡಿಸಿದವರೇ, ಹಾಳೆಯನ್ನು ತಿರುಗಿಸಿ ನೋಡಿ ಕೇಳಿದ್ದು ಒಂದೇ: ‘ಬೀಗದ ಕೈ ಯಾರ ಮನೆಯಲ್ಲಿರುತ್ತದೆ?’ ಜವಾನನ ಮನೆಯಲ್ಲಿ, ಮೂರು ಕಿಲೋಮೀಟರ್ ಆಚೆ. ಮರುದಿನದಿಂದ ಅದು ಆರೈಕೆ ಮಾಡುವಾಕೆಯ ಸೊಂಟದಲ್ಲಿತ್ತು. ಮೌಖಿಕ ಪರೀಕ್ಷೆಯಲ್ಲಿ ‘ನಿಮ್ಮ ಸಂಶೋಧನೆಯಿಂದ ನೀತಿಯಲ್ಲಿ ಏನು ಬದಲಾವಣೆಯಾಯಿತು?’ ಎಂದು ಕೇಳಿದಾಗ ನಾನು ಈ ಬೀಗದ ಕೈಯ ಕತೆ ಹೇಳಿದೆ. ಹೊರಗಿನಿಂದ ಬಂದಿದ್ದ ಪರೀಕ್ಷಕರಿಗೆ ಅದು ಸಾಲದೆನಿಸಿತು ಎಂದು ಕಾಣುತ್ತದೆ. ಅಧ್ಯಕ್ಷರೇ, ನಿಮಗೆ ಮಾತ್ರ ನೂರು ನಮಸ್ಕಾರ.

ಇನ್ನೊಂದು ಸಂಗತಿಯನ್ನು ಆ ಸಭೆಯಲ್ಲಿ ಹೇಳಿದ್ದೆ, ಅದು ಇನ್ನೂ ಬಗೆಹರಿದಿಲ್ಲ. ಆರೈಕೆ ಮಾಡುವವರೂ ಜಾಬ್ ಕಾರ್ಡಿನ ಹೆಂಗಸರು, ಆಗ ಕೂಲಿ ನರೇಗಾದ್ದು, ಒಂದು ಮನೆಗೆ ವರ್ಷಕ್ಕೆ 100 ದಿನದ ಲೆಕ್ಕವಿತ್ತು. ಹಾಗಾಗಿ ಸರದಿಯ ಮೇಲೆ ಮುಖ ಬದಲಾಗುತ್ತಿತ್ತು. ಒಂದೂವರೆ ವರ್ಷದ ಮಗುವಿಗೆ ಸರದಿ ಎಂದರೇನು ಗೊತ್ತು? ಹೊಸ ಮುಖ ಕಂಡೊಡನೆ ಅಳಲು ಶುರು, ತಾಯಿ ನಾಲ್ಕು ದಿನ ನೋಡಿ ಮತ್ತೆ ಸೀರೆಯ ಗಂಟಿಗೇ ಹೋಗುತ್ತಿದ್ದಳು. ಆರೈಕೆ ಕೆಲಸವನ್ನು ಕೂಲಿಯ ದಿನಗಳಲ್ಲಿ ಅಳೆದು ನಡೆಸುವುದು ಆಗದ ಮಾತು ಎಂಬುದು ನನ್ನ ಅಭಿಪ್ರಾಯ. ಅವರಿಗೆ ತಿಂಗಳ ಸಂಬಳ ಬೇಕು. ಇದನ್ನು ಪ್ರಬಂಧದಲ್ಲಿ ಇನ್ನಷ್ಟು ನಯವಾಗಿ ಬರೆದಿದ್ದೇನೆ.

ಟಂಟಂ ಚಾಲಕರಿಗೆ, ಉಳಿದುಕೊಳ್ಳಲು ಜಾಗ ಕೊಟ್ಟ ಮನೆಗಳಿಗೆ, ಪುಂಡಿಪಲ್ಯ ಬಡಿಸಿದ ಎಲ್ಲ ಅವ್ವಂದಿರಿಗೆ ಶರಣು.

ಕೊನೆಯದನ್ನು ಬರೆಯಲು ಎರಡು ದಿನ ಹಿಂದೇಟು ಹಾಕಿದೆ. 2021ರಲ್ಲಿ ನನಗೆ ಮಗಳು ಹುಟ್ಟಿದಳು. ಮರುವರ್ಷ ಹೊಲಗಳಿಗೆ ಮತ್ತೆ ಹೋಗಬೇಕಾಯಿತು, ಶಿಷ್ಯವೇತನದ ಅವಧಿ ಮುಗಿಯುತ್ತಿತ್ತು. ಅತ್ತೆಯವರಿಗೆ ಮಂಡಿ ನೋವು, ಗಂಡನಿಗೆ ರಜೆಯಿಲ್ಲ. ಪಟ್ಟಣದಲ್ಲಿ ಒಂದು ವರ್ಷದ ಮಗುವನ್ನು ಇಟ್ಟುಕೊಳ್ಳುವವರು ಕೇಳಿದ ಹಣ ನನ್ನ ಶಿಷ್ಯವೇತನದ ಅರ್ಧ. ಆಗ ನನ್ನ ಅಕ್ಕ ತನ್ನ ಮಗಳನ್ನು ಕಳಿಸಿಕೊಟ್ಟಳು. ಅವಳು ಆಗ ಒಂಬತ್ತನೇ ತರಗತಿ. ಎರಡು ತಿಂಗಳು ನನ್ನ ಮನೆಯಲ್ಲಿದ್ದು ನನ್ನ ಮಗಳನ್ನು ಎತ್ತಿ ಆಡಿಸಿದಳು. ಶಾಲೆಯಲ್ಲಿ ಅವಳ ಬೆಂಚು ಖಾಲಿಯಿತ್ತು. ಅದೇ ಎರಡು ತಿಂಗಳು ನಾನು ಊರೂರು ಸುತ್ತುತ್ತಾ ‘ತಮ್ಮ ತಂಗಿಯರನ್ನು ನೋಡಿಕೊಳ್ಳಲು ಶಾಲೆ ತಪ್ಪಿಸಿದ ಹೆಣ್ಣುಮಕ್ಕಳು ಮನೆಯಲ್ಲಿದ್ದಾರೆಯೇ?’ ಎಂದು ಕೇಳಿ, ಇದ್ದರೆ ‘ಹಿರಿಯ ಮಗು’ ಎಂಬ ಮೂರನೇ ಸಂಕೇತಕ್ಕೆ ಸುತ್ತು ಹಾಕುತ್ತಿದ್ದೆ. ಸಂಜೆ ಮನೆಗೆ ಬಂದಾಗ ಅವಳೇ ಬಾಗಿಲು ತೆರೆಯುತ್ತಿದ್ದಳು.

ನನ್ನ ಮನೆ ನಾನು ಸಮೀಕ್ಷೆಗೆ ಆಯ್ದ ಮನೆಗಳಲ್ಲಿ ಇರಲಿಲ್ಲ. ಹಾಗಾಗಿ ಅವಳು ಯಾವ ಕೋಷ್ಟಕದಲ್ಲೂ ಇಲ್ಲ. ಪದವಿ ಬಂದ ಸಂಜೆ ಅವಳು ಕೆಂಪು ರಟ್ಟಿನ ಪ್ರಬಂಧವನ್ನು ತಿರುವಿ ಹಾಕುತ್ತಾ ‘ಚಿಗವ್ವ, ಇದರಲ್ಲಿ ನಾನಿದ್ದೇನಾ?’ ಎಂದು ಕೇಳಿದಳು. ಆ ಪ್ರಶ್ನೆಗೆ ಉತ್ತರವಾಗಿಯೇ ಈ ಬರಹ ಶುರುವಾದದ್ದು. ಅವಳು ವಾಪಸು ಹೋಗಿ ಎಸ್ಸೆಸ್ಸೆಲ್ಸಿ ಪಾಸು ಮಾಡಿದಳು. ಗಣಿತದಲ್ಲಿ ಅಂಕ ಕಡಿಮೆ ಬಂದವು. ಆ ಎರಡು ತಿಂಗಳಿನಲ್ಲಿ ಬೀಜಗಣಿತದ ಪಾಠ ನಡೆದಿತ್ತು. ನಿನಗೆ ಕೃತಜ್ಞತೆ ಹೇಳುವುದೋ ಕ್ಷಮೆ ಕೇಳುವುದೋ ತಿಳಿಯದು, ಕಂದ. ಎರಡೂ ಇರಲಿ.

ಇದನ್ನು ಎಲ್ಲರೆದುರು ಇಡುವ ಮೊದಲು ಅವಳಿಗೇ ಓದಲು ಕೊಟ್ಟೆ. ಅವಳು ಪೂರ್ತಿ ಓದಿ, ಒಂದು ಕಡೆ ಮಾತ್ರ ಬೆರಳಿಟ್ಟಳು. ‘ಎರಡು ತಿಂಗಳಲ್ಲ, ಚಿಗವ್ವ. ಎರಡು ತಿಂಗಳು ಹನ್ನೊಂದು ದಿನ. ಶಾಲೆಯ ಹಾಜರಿ ಪುಸ್ತಕದಲ್ಲಿದೆ.’