ಮಗಳಿಗೊಂದು ಪತ್ರ: ಒಂದೆಳೆ ತಪ್ಪಿದ ರಾತ್ರಿ

ಮಗಳೇ,

ನಿನ್ನೆ ಫೋನಿನಲ್ಲಿ "ಇನ್ನೂ ಎಷ್ಟು ವರ್ಷ ಓದ್ತೀ" ಅಂದುಬಿಟ್ಟೆ. ತಪ್ಪಾಯಿತು. ಕೆಎಎಸ್ ಪ್ರಿಲಿಮ್ಸ್ ಎರಡನೇ ಸಲವೂ ಆಗಲಿಲ್ಲ ಅಂತ ನೀನೇ ನೊಂದು ಕೂತಿದ್ದೆ. ಫೋನ್ ಇಟ್ಟ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ಕಸೂತಿ ಹಾಕಲು ಬಂದಿದ್ದ ಆ ಕಪ್ಪು ಚಂದ್ರಕಾಳಿ ಸೀರೆ ನೆನಪಿದೆಯಾ? ನೀನಾಗ ಏಳನೇ ಕ್ಲಾಸು. ಆ ವರ್ಷ ಅಪ್ಪನ ಕೆಲಸ ಏನಾಗಿತ್ತು ಅಂತ ಮತ್ತೆ ಬರೆಯುವುದಿಲ್ಲ. ಬೆಳಿಗ್ಗೆ ಮದುವೆಯವರು ಸೀರೆ ಒಯ್ಯಲು ಬರುವವರಿದ್ದರು, ನಾನು ಸೆರಗಿಗೆ ಗೋಪುರದ ಚಿತ್ತಾರ ಹಾಕುತ್ತಿದ್ದೆ. ಗವಂತಿ ಹೊಲಿಗೆಯಲ್ಲಿ ಹೋಗುವಾಗ ಬಿಟ್ಟ ಜಾಗ ಬರುವಾಗ ತುಂಬಬೇಕಲ್ಲ, ವಾಪಸ್ ಬರುವಾಗ ಹೊಲಿಗೆ ಒಂದಕ್ಕೊಂದು ಕೂಡಲಿಲ್ಲ. ಕೆಳಗೆಲ್ಲೋ ನಾಲ್ಕು ಎಳೆ ಎಣಿಸುವ ಕಡೆ ಐದು ಎಣಿಸಿದ್ದೆ. ಕಪ್ಪು ಬಟ್ಟೆ, ಬಲ್ಬಿನ ಬೆಳಕು. ಇಡೀ ಗೋಪುರ ಬಿಚ್ಚಲು ಕೂತೆ. "ಯಾರಿಗೆ ಕಾಣ್ತದ ಬಿಡವ್ವಾ" ಅಂತ ನೀನು ಅತ್ತೆ. ನಾನು ಬಯ್ದೆ.

ಬಿಚ್ಚಿದ್ದು ಸರಿ ಅಂತ ಇವತ್ತಿಗೂ ಅನಿಸುತ್ತದೆ. ಆದರೆ ರಾತ್ರಿ ಎರಡರ ತನಕ ಕೂತು ಮತ್ತೆ ಹಾಕಿದೆನಲ್ಲ, ಬೆಳಗಾಗಿ ನೋಡಿದರೆ ಹೊಸ ಗೋಪುರದಲ್ಲೂ ಎಳೆ ತಪ್ಪಿತ್ತು. ಮದುವೆಯವರ ಹತ್ತಿರ ಒಂದು ದಿನ ಕೇಳಿಕೊಂಡೆ. ಕೊಟ್ಟರು. ಬಾಗಿಲ ಬೆಳಕಿನಲ್ಲಿ ಕೂತರೆ ಮಧ್ಯಾಹ್ನದೊಳಗೆ ಮುಗಿಯಿತು. ಹಿಂದಿನ ರಾತ್ರಿಯೇ ದೀಪ ಆರಿಸಿ ಮಲಗಬಹುದಿತ್ತು ಅಲ್ವಾ? ನೀನೂ ಅಷ್ಟೊತ್ತು ನನ್ನ ಪಕ್ಕದಲ್ಲೇ ತೂಕಡಿಸುತ್ತಾ ಕೂತಿದ್ದೆ. ನಿದ್ದೆಗೆಟ್ಟು ದುಡಿಯುವುದನ್ನು ನನ್ನಿಂದಲೇ ಕಲಿತೆಯೇನೋ ಅಂತ ಭಯ.

ಮಧ್ಯಾಹ್ನ ಬರೀ ಚಹಾ ಬಿಸ್ಕಿಟ್ ಅಂತೆ, ನಿನ್ನ ರೂಮಿನವಳು ಹೇಳಿದಳು. ಹೊತ್ತಿಗೆ ಸರಿಯಾಗಿ ಉಣ್ಣು. ಹತ್ತಕ್ಕೆ ಮಲಗು. ಭಾನುವಾರ ಪುಸ್ತಕ ಮುಟ್ಟಬೇಡ. ಯಾರ್ಯಾರು ಪಾಸಾದರು ಅಂತ ಸುಮ್ನೆ ಲೆಕ್ಕ ಹಾಕಬೇಡ. ಬುದ್ಧಿ ಹೇಳಬಾರದು ಅಂತಲೇ ಬರೆಯಲು ಕೂತೆ, ಆದರೂ ಕೈ ನಿಲ್ಲುತ್ತಿಲ್ಲ.

ಅಜ್ಜಿಯ ವಿಧವಾ ವೇತನಕ್ಕೆ ಐದು ಸಲ ಅಲೆದಾಗ ನೀನು ಹೇಳಿದ್ದೆ, "ಆ ಕುರ್ಚಿಯಲ್ಲಿ ನಾನಿದ್ದರೆ ಒಂದೇ ಸಲಕ್ಕೆ ಮಾಡಿಕೊಡ್ತಿದ್ದೆ." ಆ ಮಾತನ್ನು ಓಣಿಯವರಿಗೆಲ್ಲ ಹೇಳಿದ್ದೇನೆ. ಆ ಆಸೆ ಇನ್ನೂ ಇದ್ದರೆ ಮತ್ತೆ ಅರ್ಜಿ ಕರೆದಾಗ ಪರೀಕ್ಷೆ ಬರೆ. ಅಪ್ಪನ ಮುಖ ನೋಡಿ, ಅವ್ವನ ಕಸೂತಿ ದುಡ್ಡು ಹೋಯಿತಲ್ಲ ಅಂತ ನೋಡಿ ಬರೆಯಬೇಡ. ಸಾಕು ಅನಿಸಿದರೆ ಅದನ್ನೂ ಹೇಳು. ಕುರ್ಚಿ ಸಿಗದಿದ್ದರೂ ಮಾಡುವ ಕೆಲಸವಿದೆ, ಅರ್ಜಿ ತುಂಬಿಸಿಕೊಳ್ಳಲು ಯಾರನ್ನೋ ಕಾಯುವ ಮುದುಕಿಯರು ನಮ್ಮ ಓಣಿಯಲ್ಲೇ ಇದ್ದಾರೆ.

ಶನಿವಾರ ಬರುತ್ತೀಯಾ? ಶೇಂಗಾ ಹೋಳಿಗೆ ಮಾಡಿರುತ್ತೇನೆ. ಪರೀಕ್ಷೆಯ ಮಾತು ನಾನಾಗಿ ತೆಗೆಯುವುದಿಲ್ಲ.

ನಿನ್ನ ಅವ್ವ
ಧಾರವಾಡ