ಐದೂಕಾಲು ಇಂಚಿನ ಫ್ಲಾಪಿ ಡ್ರೈವ್ ಯಾರಲ್ಲಾದರೂ ಇದೆಯೇ?

ಮಾನ್ಯ ಸಂಪಾದಕರೆ,

ಹೋದ ವಾರ ಅಟ್ಟ ಸ್ವಚ್ಛ ಮಾಡುವಾಗ ಒಂದು ಡಬ್ಬಿ ಫ್ಲಾಪಿ (ಫೈಲು ಇಡುವ ತೆಳು ಡಿಸ್ಕು), ಫೋನ್ ಲೈನಿನಲ್ಲಿ ಕಂಪ್ಯೂಟರುಗಳನ್ನು ಮಾತಾಡಿಸುವ ಹಳದಿಗಟ್ಟಿದ ಮೋಡೆಮ್ ಸಿಕ್ಕವು. ಗುಜರಿಯವನು ತೂಗಿ ನೋಡಿ ನಲವತ್ತು ರೂಪಾಯಿ ಎಂದ. ಕೊಡಲಿಲ್ಲ. ನಮ್ಮ ಊರು ಹೊರಗಿನ ಕಂಪ್ಯೂಟರ್ ಜೊತೆ ಮಾತಾಡಿದ್ದು ಸೈಬರ್ ಕೆಫೆ ಬಂದ ಮೇಲೆ ಎಂದು ಈಗಿನ ಹುಡುಗರು ತಿಳಿದಿದ್ದಾರೆ. ಅದಕ್ಕೇ ಈ ಪತ್ರ.

1992ರಲ್ಲಿ, ಊರಿನ್ನೂ ಗುಲಬರ್ಗಾ ಆಗಿದ್ದಾಗ, ಸೂಪರ್ ಮಾರ್ಕೆಟ್ ಬಳಿ ನನ್ನದೊಂದು ಟೈಪಿಂಗ್ ಅಂಗಡಿ ಇತ್ತು. ಹಳೆಯ ಪಿಸಿ-ಎಕ್ಸ್‌ಟಿ, 640 ಕೆಬಿ ಮೆಮೊರಿ, ಎರಡು ಫ್ಲಾಪಿ ಡ್ರೈವ್. ಹಾರ್ಡ್ ಡಿಸ್ಕ್ ಇಲ್ಲ. ಮಷೀನು ನಡೆಸುವ ಡಾಸ್‌ನ ಫ್ಲಾಪಿ ಹಾಕಿ ಅದನ್ನು ಎಬ್ಬಿಸಬೇಕು, ಆ ಫ್ಲಾಪಿ ತೆಗೆದು ಟೈಪಿಂಗಿನ ವರ್ಡ್‌ಸ್ಟಾರ್ ಹಾಕಬೇಕು. ಕೆಲಸ ಮುಗಿಸಿ ಹೊರಬಂದರೆ ‘ಕಮಾಂಡ್ ಡಾಟ್ ಕಾಮ್ ಇರುವ ಡಿಸ್ಕ್ ಹಾಕು’ ಎಂದು ಮತ್ತೆ ಹಟ. ಬೇಸಿಗೆಯ ಧೂಳಿಗೆ ದಿನಕ್ಕೆ ಹತ್ತು ಸಲ ‘ಅಬಾರ್ಟ್, ರಿಟ್ರೈ, ಫೇಲ್?’ ಎಂಬ ದೋಷದ ಪ್ರಶ್ನೆ ಬರುತ್ತಿತ್ತು. ನನ್ನ ಕೀಬೋರ್ಡಿನಲ್ಲಿ ಮೊದಲು ಅಳಿಸಿಹೋದ ಅಕ್ಷರ ರಿಟ್ರೈಗೆ ಒತ್ತುವ ‘ಆರ್’.

ಮೋಡೆಮ್ ಕೊಂಡೆ, ಆದರೆ ಅಂಗಡಿಯಲ್ಲಿ ಫೋನಿಲ್ಲ. ನೆಹರೂ ಗಂಜಿನ ಕಾಕಾನ ಅಡತಿ ಅಂಗಡಿಯಲ್ಲಿತ್ತು. ಶನಿವಾರ ರಾತ್ರಿ ಇಡೀ ಕಂಪ್ಯೂಟರನ್ನು ಆಟೊದಲ್ಲಿ ಒಯ್ದು, ತೊಗರಿ ಚೀಲದ ಮೇಲೆ ಮಾನಿಟರ್ ಇಟ್ಟು, ಎಸ್‌ಟಿಡಿಗೆ (ಹೊರ ಊರಿನ ಕರೆಗೆ) ಕಾಲು ದರವಾಗುವ ಹನ್ನೊಂದು ಗಂಟೆಗೆ ಕಾಯುತ್ತಿದ್ದೆ. ಬೆಂಗಳೂರಿನಲ್ಲಿ ಅತುಲ್ ಚಿಟ್ನಿಸ್ ನಡೆಸುತ್ತಿದ್ದ ಸಿಐಎಕ್ಸ್ ಬುಲೆಟಿನ್ ಬೋರ್ಡಿಗೆ (ಫೋನಿನಲ್ಲಿ ಸೇರಿ ಸಂದೇಶ, ಫೈಲು ಹಂಚಿಕೊಳ್ಳುವ ಕಂಪ್ಯೂಟರಿಗೆ) ಡಯಲ್ ಮಾಡಿದರೆ ಬಹಳ ಸಲ ಎಂಗೇಜ್. ಸಿಕ್ಕರೆ ಕೀಂಯ್ ಎಂದು ಕಿರುಚಾಟ. ಅಲ್ಲೇ ಮಲಗಿದ್ದ ಹಮಾಲಿ ಎದ್ದು ಕೂತು, “ಫೋನ್ ಯಾಕ್ರೀ ಹಿಂಗ ಒದರ್ಲತದ?” ಎಂದು ಕೇಳಿದ್ದ.

ನನ್ನ ಸೆಕೆಂಡಿಗೆ 2400 ಬಿಟ್ ವೇಗದ ಮೋಡೆಮಿಗೆ ಸೆಕೆಂಡಿಗೆ ಸುಮಾರು 240 ಅಕ್ಷರ. 100 ಕೆಬಿ ಫೈಲಿಗೆ ಏಳು ನಿಮಿಷ, ಅದೂ ಲೈನ್ ಗರಗರ ಅನ್ನದಿದ್ದರೆ. ಎಕ್ಸ್‌ಮೋಡೆಮ್ ಎಂಬ ಫೈಲು ಸಾಗಿಸುವ ವಿಧಾನ 128 ಬೈಟಿನಂತೆ ಕಳಿಸಿ, ಪ್ರತಿ ಸಲವೂ ಸರಿಯಾಗಿ ಮುಟ್ಟಿತೇ ಎಂದು ತಾಳೆ ನೋಡುತ್ತಿತ್ತು. ನಡುವೆ ಲೈನ್ ಕಡಿದರೆ ಮತ್ತೆ ಮೊದಲಿನಿಂದ. “ಈ ಬಿಲ್ಲಿಗಿ ಒಂದ್ ಚೀಲ ತೊಗರಿ ಬರ್ತಿತ್ತಲ್ಲೋ ತಮ್ಮಾ!” ಎನ್ನುತ್ತಿದ್ದ ಕಾಕಾ. ಕಡಿದಲ್ಲಿಂದಲೇ ಮುಂದುವರಿಸುವ ಝೆಡ್‌ಮೋಡೆಮ್ ಸಿಕ್ಕ ಮೇಲೆ ಅವನ ಬೈಗುಳ ಅರ್ಧಕ್ಕೆ ಇಳಿಯಿತು.

ಎಕ್ಸ್‌ಮೋಡೆಮ್ ಬರೆದ ವಾರ್ಡ್ ಕ್ರಿಸ್ಟೆನ್ಸನ್ನರೇ ರ್‍ಯಾಂಡಿ ಸೂಸ್ ಜೊತೆ ಸೇರಿ 1978ರಲ್ಲಿ, ಹಿಮ ಸುರಿದು ಮನೆಯಲ್ಲೇ ಕೂರಬೇಕಾದಾಗ, ಶಿಕಾಗೋದಲ್ಲಿ ಮೊದಲ ಬುಲೆಟಿನ್ ಬೋರ್ಡ್ ಕಟ್ಟಿದವರು. ಇದೆಲ್ಲ ಆಮೇಲೆ ತಿಳಿದದ್ದು. ಆಗ ನನಗೆ ಬೇಕಿದ್ದುದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನಲ್ಲಿ ಕನ್ನಡ ಮುದ್ರಿಸುವ ದಾರಿ. ಬೋರ್ಡಿನಲ್ಲಿ ಕೇಳಿ ಬರೆದೆ. ಮುಂದಿನ ಶನಿವಾರ, ಮುಖ ಕಾಣದ ಒಬ್ಬರು ಎರಡು ಪುಟ ಉತ್ತರಿಸಿದ್ದರು.

ಬಿಲ್ ಓಡುತ್ತದೆಂದು ಎಲ್ಲವನ್ನೂ ಫ್ಲಾಪಿಗೆ ಇಳಿಸಿಕೊಂಡು ಮನೆಯಲ್ಲಿ ಓದುವುದು ನನ್ನ ರೂಢಿ. ಆ ಉತ್ತರ ‘ಬೋರ್ಡ್ 93’ ಎಂದು ಸ್ಕೆಚ್ ಪೆನ್ನಿನಲ್ಲಿ ಬರೆದ ಫ್ಲಾಪಿಯಲ್ಲಿದೆ. ಓದಿಸಲು ಡ್ರೈವ್ ಇಲ್ಲ. ಕಲಬುರಗಿ, ಬೀದರ್, ಯಾದಗಿರಿ ಕಡೆಯ ಯಾವುದಾದರೂ ಹಳೆಯ ಲ್ಯಾಬಿನಲ್ಲೋ ಮನೆಯಲ್ಲೋ ನಡೆಯುವ 360 ಕೆಬಿ ಡ್ರೈವ್ ಇದ್ದರೆ, ಗುಜರಿಗೆ ಹಾಕುವ ಮೊದಲು ಈ ಪತ್ರಿಕೆಗೆ ಒಂದು ಸಾಲು ಬರೆಯಿರಿ. ಹೆಡ್ ಒರೆಸಲು ಸ್ಪಿರಿಟ್ ನಾನೇ ತರುತ್ತೇನೆ.

– ಹಳೆಯ ಟೈಪಿಂಗ್ ಅಂಗಡಿಯವ, ಕಲಬುರಗಿ