ಅರ್ಜಿ ತುಂಬಲು ಕಲಿಸಿದರಷ್ಟೇ ಸಾಕೇ?

ಅಂಗವಿಕಲರಿಗೆ ನೆರವಾಗಲು ಪಂಚಾಯಿತಿಗಳಲ್ಲಿ ಗೌರವಧನಕ್ಕೆ ದುಡಿಯುತ್ತಿರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ದಿನನಿತ್ಯದ ಸ್ವತಂತ್ರ ಬದುಕಿಗೆ ಬೇಕಾದ ಕೌಶಲಗಳನ್ನೂ ಕಲಿಸಬೇಕು.

ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ನಮ್ಮ ನೆರೆಮನೆಯ ಯುವಕನನ್ನು ನೋಡಲು ಈಚೆಗೆ ಕಾರ್ಯಕರ್ತರೊಬ್ಬರು ಬಂದಿದ್ದರು. ಸ್ವತಃ ಊರುಗೋಲು ಹಿಡಿದು ನಡೆಯುವ ಅವರು ಯುಡಿಐಡಿ ಕಾರ್ಡ್ (ಅಂಗವಿಕಲರ ವಿಶಿಷ್ಟ ಗುರುತಿನ ಚೀಟಿ), ಮಾಸಾಶನದ ಕಾಗದಪತ್ರಗಳನ್ನು ಚೊಕ್ಕವಾಗಿ ಮುಗಿಸಿಕೊಟ್ಟರು. ಆದರೆ ಮಗನನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟಿಸುವುದು ಹೇಗೆ, ಬೆನ್ನಿನಲ್ಲಿ ಹುಣ್ಣಾಗದಂತೆ ಎಷ್ಟು ಹೊತ್ತಿಗೊಮ್ಮೆ ಮಗ್ಗುಲು ಬದಲಿಸಬೇಕು ಎಂದು ತಾಯಿ ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ತಪ್ಪು ಅವರದಲ್ಲ, ಅದನ್ನು ಅವರಿಗೆ ಯಾರೂ ಹೇಳಿಕೊಟ್ಟೇ ಇರಲಿಲ್ಲ.

1995ರ ಕಾಯ್ದೆ 7 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಗಳನ್ನು ಗುರುತಿಸಿದೆ. ಕೆಲಸ ಅಷ್ಟು ಹಿಗ್ಗಿದೆ. ಇದೇ ಕಾಯ್ದೆಯ 47ನೇ ಸೆಕ್ಷನ್, ಸರ್ಕಾರ 5 ವರ್ಷಕ್ಕೊಮ್ಮೆ ಅಗತ್ಯಗಳನ್ನು ಅಳೆದು ಸಿಬ್ಬಂದಿಯ ನೇಮಕ ಮತ್ತು ತರಬೇತಿಗೆ ಯೋಜನೆ ರೂಪಿಸಬೇಕು ಎನ್ನುತ್ತದೆ. ಸಭಾಂಗಣದ ಭಾಷಣ, ಊಟ, ಪ್ರಮಾಣಪತ್ರಗಳಿಗೆ ಮುಗಿಯುವ ತರಬೇತಿ ಇದಕ್ಕೆ ಸಾಲದು.

ಗಾಲಿಕುರ್ಚಿಯಲ್ಲೇ ಬದುಕು ಕಟ್ಟಿಕೊಂಡವರನ್ನು ತರಬೇತುದಾರರನ್ನಾಗಿ ಕರೆಸಿ, ಫಿಸಿಯೊಥೆರಪಿಸ್ಟ್‌ಗಳ ಜೊತೆಗೂಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ವರ್ಷಕ್ಕೊಂದು ವಾರ ಕೈಯಾರೆ ಮಾಡಿಸಿ ಕಲಿಸುವ ವ್ಯವಸ್ಥೆಯಾಗಲಿ. ಆ ದಿನಗಳ ಪ್ರಯಾಣ ಭತ್ಯೆಯನ್ನೂ ಇಲಾಖೆಯೇ ಭರಿಸಲಿ.

– ಓರ್ವ ಓದುಗ, ತೀರ್ಥಹಳ್ಳಿ